ಟೇಲರಕ್ಕನ ಮುಂದಿನ ಹಲ್ಲು

ನಮ್ಮಕ್ಕನ ಮುಂದಿನ ಹಲ್ಲಿನಲ್ಲಿ ಒಂದು ಕಚ್ಚು ಇದೆ. ಹುಟ್ಟಿನಿಂದ ಬಂದದ್ದಲ್ಲ, ಬಿದ್ದು ಮುರಿದುಕೊಂಡದ್ದೂ ಅಲ್ಲ. ವರ್ಷಾನುಗಟ್ಟಲೆ ದಾರ ಕಡಿದು ಕಡಿದು ಹಲ್ಲಿನ ಅಂಚು ಸವೆದು ಬಿದ್ದ ಸಣ್ಣ ಕಚ್ಚು. ಹೊಲಿಗೆ ಮುಗಿಯುತ್ತಿದ್ದಂತೆ ಬಟ್ಟೆಯನ್ನು ಬಾಯಿಯ ಹತ್ತಿರ ತಂದು, ದಾರವನ್ನು ಸರಿಯಾಗಿ ಅದರೊಳಗೆ ಕೂರಿಸಿ, ಟಕ್ ಎಂದು ಕಡಿದುಬಿಡುತ್ತಿದ್ದಳು. ಕತ್ತರಿ ಅವಳ ಮಗ್ಗುಲಲ್ಲೇ ತನ್ನ ಪಾಡಿಗೆ ತಾನು ಬಿದ್ದಿರುತ್ತಿತ್ತು. ಈ ಹಲ್ಲಿನಿಂದಲೇ ಅವಳಿಗೆ ಕೆಲಸ ಸಿಕ್ಕಿತು, ಇದೇ ಹಲ್ಲಿನಿಂದ ಆ ಕೆಲಸ ಕೈತಪ್ಪುವುದರಲ್ಲಿತ್ತು. ಈ ಕಥೆಯನ್ನು ನಾನೇ ಹೇಳಬೇಕು. ಅವಳನ್ನು ಕೇಳಿದರೆ "ಏನಿಲ್ಲಪ್ಪ, ಹೊಲಿಗೆ ಕೆಲಸ" ಎಂದು ಎರಡು ಮಾತಿನಲ್ಲಿ ಮುಗಿಸಿಬಿಡುತ್ತಾಳೆ. ನನಗೆ ಅಷ್ಟು ಚಿಕ್ಕದಾಗಿ ಮಾತಾಡಿ ಅಭ್ಯಾಸವಿಲ್ಲ.

ಬಸ್ ನಿಲ್ದಾಣದ ಹಿಂದೆ ಟೇಲರುಗಳ ಓಣಿ. ಅದರಲ್ಲಿ ನಮ್ಮಿಬ್ಬರದು ಒಂದು ಅಂಗಡಿ. ಎರಡು ಹೊಲಿಗೆ ಮಿಷನ್ನು, ಒಂದು ಉದ್ದ ಕನ್ನಡಿ, ಬಟ್ಟೆ ಹಾಕಿ ನೋಡುವವರಿಗೆ ಮೂಲೆಯಲ್ಲೊಂದು ಪರದೆ. ಹೊಲಿಗೆ ಕಲಿಸಿದ್ದು ಅಮ್ಮ. ಅಕ್ಕನಿಗೆ ಓಣಿಯಲ್ಲಿ ಟೇಲರಕ್ಕ ಎಂದೇ ಹೆಸರು. ನನಗೆ ಟೇಲರಕ್ಕನ ತಂಗಿ ಎಂದು. ನಾನೂ ಮಿಷನ್ ತುಳಿದು ಮೊಣಕಾಲು ಸವೆಸಿಕೊಂಡವಳೇ, ಆದರೆ ಹೆಸರು ಮಾತ್ರ ಅವಳಿಗೆ. ಇರಲಿ, ಅದೆಲ್ಲ ನಾನು ಎಂದೋ ಹೊಟ್ಟೆಗೆ ಹಾಕಿಕೊಂಡಿದ್ದೇನೆ.

ದೊಡ್ಡ ರಸ್ತೆಯಲ್ಲಿ ಮೂರಂತಸ್ತಿನ ಸಿದ್ಧ ಉಡುಪಿನ ಅಂಗಡಿ ಬಂದ ಮೇಲೆ ಓಣಿ ಸೊರಗಿತು. ಹೊಸ ಬಟ್ಟೆ ಹೊಲಿಸುವವರು ಇಲ್ಲವಾದರು. ಆ ಅಂಗಡಿಯಲ್ಲಿ ಕೊಂಡ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು, ಹೋದ ಜಿಪ್ಪು ಹಾಕಿಸಲು ಬರುತ್ತಿದ್ದರು. ಎದುರು ಅಂಗಡಿಯ ಮುದುಕ ಟೇಲರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ದಿನವಿಡೀ ನೊಣ ಹೊಡೆಯುತ್ತಿದ್ದರು. ಪಕ್ಕದ ಅಂಗಡಿಯಾಕೆ ಮಿಷನ್ನಿಗೆ ಬಟ್ಟೆ ಹೊದಿಸಿ ಯಾರದೋ ಮನೆಯಲ್ಲಿ ಪಾತ್ರೆ ತೊಳೆಯಲು ಹೋದಳು. ಕಾಲರಿನ ಮೂಲೆ ತಿರುವುವುದರಲ್ಲಿ ಅವಳನ್ನು ಮೀರಿಸುವವರು ಊರಲ್ಲಿರಲಿಲ್ಲ. ಅವಳು ಬೆಳಿಗ್ಗೆ ನಮ್ಮ ಅಂಗಡಿ ದಾಟುವಾಗ ಮುಖ ಆ ಕಡೆ ತಿರುಗಿಸಿಕೊಂಡು ಹೋಗುತ್ತಿದ್ದಳು. ಅದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಆಗ ಊರ ಹೊರಗೆ, ಮುಚ್ಚಿಹೋಗಿದ್ದ ಹೆಂಚಿನ ಕಾರ್ಖಾನೆಯ ಜಾಗದಲ್ಲಿ ಬಿಳಿ ಬಣ್ಣದ ಹೊಸ ಕಟ್ಟಡ ಎದ್ದಿತು. ವೈದ್ಯಕೀಯ ಸಾಧನ ಮಾಡುವ ಕಾರ್ಖಾನೆಯಂತೆ, ನುಣುಪು ಕೈ ಹೊಲಿಗೆ ಬಲ್ಲವರು ಬೇಕಂತೆ ಎಂದು ಸುದ್ದಿ ಬಂತು. ಡಾಕ್ಟರುಗಳ ಹಸಿರು ಗೌನು ಹೊಲಿಸುತ್ತಾರೆ ಎಂದು ನಾವೆಲ್ಲ ಅಂದುಕೊಂಡೆವು. ಇಬ್ಬರೂ ಹೋದರೆ ಅಂಗಡಿಗೆ ಬೀಗ ಹಾಕಬೇಕಲ್ಲ, ಅದಕ್ಕೆ ಅಕ್ಕ ಹೋದಳು, ನಾನು ಉಳಿದೆ.

ಅಲ್ಲಿ ಪರೀಕ್ಷೆ ಮಾಡಲು ಕೂತಿದ್ದವರು ತರಬೇತಿ ಕೊಡುವ ಮೇಡಂ. ಎತ್ತರದ ಹೆಂಗಸು, ನರೆಗೂದಲು, ಕತ್ತಿಗೆ ತೂಗುಬಿಟ್ಟ ಕನ್ನಡಕ. ಅವರೂ ಮೊದಲು ಕಸೂತಿ ಕೆಲಸದವರಂತೆ. ಅಕ್ಕನಿಗೆ ಒಂದು ಸೂಜಿ, ಕೂದಲಿನಂಥ ದಾರ, ಚಿಕ್ಕ ತುಂಡು ಬಟ್ಟೆ ಕೊಟ್ಟರು. ಅಕ್ಕ ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಒಂದೇ ಏಟಿಗೆ ಸೂಜಿಗೆ ಪೋಣಿಸಿದಳು, ಹೊಲಿದಳು, ಕೊನೆಗೆ ಟಕ್ ಎಂದು ಕಡಿದಳು.

"ಎಲ್ಲಿ, ಹಲ್ಲು ತೋರಿಸಿ," ಅಂದರಂತೆ ಮೇಡಂ.

ಅಕ್ಕನಿಗೆ ಗಾಬರಿ. ಹೊಲಿಗೆ ಕೆಲಸಕ್ಕೂ ಹಲ್ಲಿಗೂ ಏನು ಸಂಬಂಧ? ಆದರೂ ತೋರಿಸಿದಳು. ಮೇಡಂ ಕನ್ನಡಕ ಏರಿಸಿ ಕಚ್ಚನ್ನು ನೋಡಿದರು.

"ಈ ಹಲ್ಲು ನೀವು ನಿಜವಾದ ಟೇಲರ್ ಅಂತ ಹೇಳ್ತಾ ಇದೆ. ನಿಮ್ಮನ್ನ ತಗೋತೀನಿ. ಆದ್ರೆ ನಮ್ಮಲ್ಲಿ ಕೆಲಸ ಉಳೀಬೇಕು ಅಂದ್ರೆ ಇದೇ ಹಲ್ಲನ್ನ ಮರೀಬೇಕು."

ಏಕೆಂದರೆ ಅಲ್ಲಿ ಹೊಲಿಯುವುದು ಗೌನು ಅಲ್ಲ, ಹೃದಯದ ಕವಾಟ. ಎದೆಯೊಳಗೆ ರಕ್ತ ಹಿಂದಕ್ಕೆ ಹರಿಯದಂತೆ ತೆರೆದು ಮುಚ್ಚುವ ಬಾಗಿಲು. ಅದು ಕೆಟ್ಟುಹೋದವರಿಗೆ ಡಾಕ್ಟರು ಹೊಸದನ್ನು ಕೂರಿಸುತ್ತಾರೆ. ಬೆರಳಿನ ಉಂಗುರಕ್ಕಿಂತ ಸ್ವಲ್ಪ ದೊಡ್ಡ ಚೌಕಟ್ಟು, ಅದಕ್ಕೆ ಬಟ್ಟೆಯ ಸುತ್ತು, ಒಳಗೆ ಈರುಳ್ಳಿ ಪೊರೆಯಂಥ ಮೂರು ದಳ. ಇದನ್ನೆಲ್ಲ ಸೂಕ್ಷ್ಮದರ್ಶಕದ ಕೆಳಗಿಟ್ಟು ಕೈಯಲ್ಲೇ ಹೊಲಿಯಬೇಕು, ಮಿಷನ್ನಿಗೆ ಆಗುವ ಕೆಲಸವಲ್ಲ. ಒಂದು ಕವಾಟ ಮುಗಿಯಲು ಒಂದು ದಿನ ಸಾಲದು.

ಅಕ್ಕ ಮನೆಗೆ ಬಂದು ಇದನ್ನು ಹೇಳಿದಾಗ ಭಾವ ಊಟಕ್ಕೆ ಕೂತಿದ್ದರು. ಅವರು ಸಿಟಿ ಬಸ್ಸಿನ ಡ್ರೈವರು.

"ಹೃದಯ ಹೊಲಿತೀಯಾ? ನನ್ನ ಯೂನಿಫಾರ್ಮಿನ ಗುಂಡಿ ಬಿದ್ದು ಎಷ್ಟು ದಿನ ಆಯ್ತು ನೆನಪಿದೆಯಾ? ಪಿನ್ನು ಚುಚ್ಕೊಂಡು ಬಸ್ ಓಡಿಸ್ತಿದ್ದೀನಿ."

"ನಿಮ್ಮ ಗುಂಡಿ ಎಲ್ಲೂ ಓಡಿಹೋಗಲ್ಲ, ಇರಿ," ಅಂದಳು ಅಕ್ಕ.

ತರಬೇತಿ ಶುರುವಾಯಿತು. ನಮ್ಮ ಓಣಿಯಿಂದ ಅವಳೊಬ್ಬಳೇ, ಉಳಿದವರು ಆಚೆ ಬಡಾವಣೆಯ ಕಸೂತಿ ಹುಡುಗಿಯರು. ಮೇಡಂ ಮೊದಲೇ ವಿಷಯ ಬಿಚ್ಚಿ ಹೇಳಿದ್ದರು. ಈ ಮೊದಲ ತಂಡ ಗೆದ್ದರೆ ಎರಡನೇ ಹಾಲ್ ತೆರೆದು ಈ ಊರಿನವರನ್ನೇ ತುಂಬುತ್ತಾರೆ. ಇಲ್ಲವಾದರೆ ಕಂಪನಿಯ ಇನ್ನೊಂದು ಕಾರ್ಖಾನೆಯಿಂದ ಕಲಿತವರನ್ನು ಕರೆತರುತ್ತಾರೆ. ಈ ಮಾತು ಓಣಿಗೆ ತಲುಪಿದ್ದೇ ತಡ, ಎಲ್ಲರ ಕಿವಿ ನೆಟ್ಟಗಾಯಿತು. ನೊಣ ಹೊಡೆಯುವ ಮುದುಕ ಟೇಲರು ಕೂಡ ತನ್ನ ಸೊಸೆಗೆ ಕೆಲಸವಾಗುತ್ತದೋ ಎಂದು ದಿನಾ ಬಂದು ವಿಚಾರಿಸುತ್ತಿದ್ದರು. ನಾನೇನು ಸನ್ಯಾಸಿಯಲ್ಲ, ನನಗೂ ಆಸೆಯಿತ್ತು. ಅಕ್ಕ ದಾಟಿದರೆ ನಾನೂ ದಾಟಬಹುದು, ಅವಳು ಬಿದ್ದರೆ ನಾವಿಬ್ಬರೂ ಆ ಜಿಪ್ಪುಗಳ ಜೊತೆ ಮುದುಕಿಯರಾಗಬೇಕು.

ಕವಾಟ ಹೊಲಿಯುವ ಹಾಲ್ ಒಳಗೆ ಹೋಗುವುದೇ ಒಂದು ದೊಡ್ಡ ಕೆಲಸ. ಕೈಬಳೆ, ಉಂಗುರ, ಮುಖದ ಪೌಡರು ಎಲ್ಲ ಹೊರಗೆ. ಮೊಣಕೈವರೆಗೆ ತೊಳೆದು, ತಲೆಗೆ ಟೋಪಿ, ಬಾಯಿಗೆ ಮಾಸ್ಕು, ಮೈಗೆ ಗೌನು, ಕೈಗೆ ಗ್ಲೌಸು. ನೆಲದಲ್ಲಿ ಅಂಟು ಚಾಪೆ, ಅದರ ಮೇಲೆ ಕಾಲಿಟ್ಟರೆ ಪಾದರಕ್ಷೆಯ ಧೂಳೆಲ್ಲ ಅದಕ್ಕೆ. ಒಳಗೆ ಎಲ್ಲರದೂ ಕಣ್ಣು ಮಾತ್ರ ಕಾಣುತ್ತದೆ. ಮಾತಿಲ್ಲ, ಗಾಳಿ ಯಂತ್ರದ ಗುಂಯ್ ಸದ್ದು ಮಾತ್ರ. ಓಣಿಯಲ್ಲಿ ರೇಡಿಯೋ ಹಾಕಿಕೊಂಡು, ಗಿರಾಕಿಗಳ ಮನೆ ಜಗಳವನ್ನೆಲ್ಲ ಕೇಳುತ್ತಾ ಹೊಲಿಯುತ್ತಿದ್ದ ನಮ್ಮಕ್ಕ ಅಲ್ಲಿ ಹೇಗೆ ಕೂತಳೋ!

ಹೊಲಿಗೆ ಅವಳಿಗೆ ಬೇಗ ಕೈಹತ್ತಿತು. ಕಷ್ಟ ಕೊಟ್ಟದ್ದು ಹಲ್ಲೇ. ಒಂದು ಗಂಟು ಮುಗಿದರೆ ಸಾಕು, ಅವಳಿಗೇ ತಿಳಿಯದಂತೆ ಕೈ ಬಾಯಿಯ ಹತ್ತಿರ ಹೋಗುತ್ತಿತ್ತು. ಬಾಯಿಗೆ ಮಾಸ್ಕಿದೆ, ಕಡಿಯಲು ಹೇಗೂ ಆಗುವುದಿಲ್ಲ. ಆದರೆ ದಾರವೋ ಗ್ಲೌಸೋ ಮಾಸ್ಕಿಗೆ ತಾಗಿತೆಂದರೆ ಆ ತುಂಡು ಕೆಟ್ಟಂತೆ, ಎದ್ದು ಹೊರಗೆ ಹೋಗಿ ಎಲ್ಲ ಬದಲಾಯಿಸಿ ಬರಬೇಕು. ಕಸೂತಿ ಹುಡುಗಿಯರು ದಿನಕ್ಕೊಮ್ಮೆ ಗ್ಲೌಸು ಬದಲಾಯಿಸಿದರೆ ಅಕ್ಕ ಬಾಗಿಲ ಬಳಿಯೇ ವಾಸವಾಗಿದ್ದಳು. ತರಬೇತಿಯಲ್ಲಿ ಇದೆಲ್ಲ ನಡೆಯುತ್ತಿತ್ತು. ಕೊನೆಯ ಪರೀಕ್ಷೆಯಲ್ಲಿ ಮಾತ್ರ ಮೊದಲಿನಿಂದ ಕೊನೆವರೆಗೆ ಒಂದು ಇಡೀ ಕವಾಟ ಹೊಲಿಯಬೇಕು.

"ಅವತ್ತು ಕೈ ಮಾಸ್ಕಿಗೆ ಮುಟ್ಟಿದ್ರೆ ಮನೆಗೆ. ಮೇಡಂ ಮೊದಲ ದಿನವೇ ಹೇಳಿದ್ದಾರೆ," ಅಂದಳು ಅಕ್ಕ.

ಆಮೇಲೆ ಮನೆಮಂದಿಯೆಲ್ಲ ಸೇರಿ ಒಂದು ಹಲ್ಲಿನ ಮೇಲೆ ಯುದ್ಧ ಹೂಡಿದೆವು. ಭಾವ ಅಂಗಡಿಯ ದಾರದ ಉಂಡೆಗಳಿಗೆಲ್ಲ ಎಂಥದೋ ಕಹಿ ಔಷಧಿ ಸವರಿಟ್ಟರು. ಅಕ್ಕ ಮುಖ ಕಿವುಚಿಕೊಂಡೇ ಕಡಿದಳು, ಗೊತ್ತಿಲ್ಲದೆ ಕಡಿದ ನಾನು ಅಂದು ರಾತ್ರಿ ಊಟ ಬಿಟ್ಟೆ. ಅವಳ ಮಗಳು ಸ್ಟೀಲ್ ಲೋಟ, ಚಮಚ ಹಿಡಿದು ಅಮ್ಮನ ಎದುರು ಕೂತು, ಕೈ ಮೇಲೆದ್ದಾಗೆಲ್ಲ ಬಾರಿಸಿದಳು. ಲೋಟ ಬಡಿದು ಬಡಿದು ಪಕ್ಕದ ಮನೆಯವರು ಬಂದು ಏನು ವಿಶೇಷ ಎಂದು ಕೇಳುವಂತಾಯಿತು. ಕೊನೆಗೆ ಉಪಾಯ ಮಾಡಿದವಳು ನಾನು.

"ಲಿಪ್‌ಸ್ಟಿಕ್ ಹಚ್ಕೊಂಡು ಹೊಲಿ. ದಾರಕ್ಕೆ ಕೆಂಪು ಹತ್ತಿದ್ರೆ ಕಳ್ಳಿ ಸಿಕ್ಕಿಬಿದ್ಳು ಅಂತ ಲೆಕ್ಕ."

ಹುಟ್ಟಿದಾಗಿನಿಂದ ತುಟಿಗೆ ಬೆಣ್ಣೆ ಬಿಟ್ಟು ಬೇರೇನೂ ಹಚ್ಚದ ಹೆಂಗಸು, ದಿನಾ ಸಂಜೆ ಕಾರ್ಖಾನೆಯಿಂದ ಬಂದು ಕಡುಗೆಂಪು ತುಟಿ ಮಾಡಿಕೊಂಡು ಅಂಗಡಿಯಲ್ಲಿ ಕೂತಳು. ಓಣಿಯವರು ಮೂಗಿನ ಮೇಲೆ ಬೆರಳಿಟ್ಟರು. "ಏನು ಟೇಲರಕ್ಕ, ಸಿನಿಮಾಕ್ಕೆ ಸೇರಿದ್ರಾ?" ಎಂದು ಮುದುಕ ಟೇಲರು ಕೇಳಿದರು. ಭಾವ ಮಾತ್ರ ಬಸ್ಸಿನ ಸರದಿ ಮುಗಿಸಿ ಬಂದವರು ಒಂದು ಗಳಿಗೆ ಬಾಗಿಲಲ್ಲೇ ನಿಂತು, "ಪರೀಕ್ಷೆ ಮುಗಿದ ಮೇಲೂ ಬೇಕಾದ್ರೆ ಹಚ್ಕೋ," ಅಂದು ಒಳಗೆ ಹೋದರು. ಅಕ್ಕ ನಾಚಿ ನನ್ನ ಮೇಲೆ ರೇಗಿದಳು. ಬೆಳಿಗ್ಗೆ ಕಾರ್ಖಾನೆಗೆ ಹೊರಡುವ ಮೊದಲು ಸೋಪು ಹಾಕಿ ತಿಕ್ಕಿ ತೊಳೆಯುತ್ತಿದ್ದಳು. ಒಂದೊಂದು ದಿನ ಕಳೆದಂತೆ ದಾರದ ಮೇಲೆ ಕೆಂಪು ಕಡಿಮೆಯಾಗುತ್ತಾ ಬಂತು, ನಮಗೆಲ್ಲ ಧೈರ್ಯ ಬಂತು.

ಪರೀಕ್ಷೆ ಬಂತು. ಮೊದಲ ದಿನ ಚೆನ್ನಾಗಿ ಹೋಯಿತು. ಎರಡನೇ ದಿನ ಸಂಜೆ ನಾನು ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದೆ. ಅಕ್ಕ ಬಂದು ಚಪ್ಪಲಿ ಕಳಚಿ ತನ್ನ ಸ್ಟೂಲಿನ ಮೇಲೆ ಕೂತಳು.

"ಹೋಯ್ತು ಕಣೆ," ಅಂದಳು.

ಮೂರನೆಯ ದಳದ ಕೊನೆಯ ಗಂಟು ಹಾಕಿದಳಂತೆ. ಅದು ಮುಗಿದರೆ ಕವಾಟವೇ ಮುಗಿದಂತೆ. ಆ ಖುಷಿಯಲ್ಲೇ ಕೈ ಮೇಲೆದ್ದಿತು. ನಡುವೆ ಎಚ್ಚರವಾಗಿ ತಡೆದಳು. ಆದರೆ ತಡೆಯುವ ಹೊತ್ತಿಗೆ ದಾರದ ತುದಿ ಮಾಸ್ಕಿಗೆ ತಾಗಿತೋ ಇಲ್ಲವೋ ತಿಳಿಯಲಿಲ್ಲ. ಮೇಡಂ ಆ ಕಡೆ ತಿರುಗಿ ಇನ್ನೊಬ್ಬ ಹುಡುಗಿಯ ಹೊಲಿಗೆ ನೋಡುತ್ತಿದ್ದರು. ಅಕ್ಕ ಅಲ್ಲಾಡದೆ ಕೂತು ಅವರನ್ನು ಕರೆದಳು. "ಮುಟ್ಟಿತೋ ಇಲ್ವೋ ಗೊತ್ತಾಗಲಿಲ್ಲ ಮೇಡಂ," ಅಂದಳು. ಮೇಡಂ ಒಂದು ಮಾತೂ ಆಡದೆ ಕವಾಟವನ್ನು ಚಿಮಟದಲ್ಲಿ ಎತ್ತಿ ಕೆಂಪು ಡಬ್ಬಿಗೆ ಹಾಕಿದರು. ಎರಡು ದಿನದ ಕೆಲಸ, ಒಂದು ಹೊಲಿಗೆಯೂ ವಾರೆ ಇರಲಿಲ್ಲವಂತೆ. ಅಕ್ಕ ಎದ್ದು ಗೌನು ಕಳಚಿ ಬಂದುಬಿಟ್ಟಿದ್ದಳು.

"ಯಾರೂ ನೋಡಿರ್ಲಿಲ್ಲ ತಾನೇ? ನೀನು ಯಾಕೆ ಬಾಯಿ ಬಿಟ್ಟೆ?" ಎಂದು ನಾನು ರೇಗಿದೆ. "ಮುಟ್ಟಿದೆ ಅಂತಾನೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆಲ್ಲ ಕೈ ಎತ್ತಿ ಒಪ್ಪಿಕೊಳ್ಳೋಕೆ ನಿನಗೇನು ಹುಚ್ಚಾ? ನಿನ್ನ ಹಿಂದೆ ಇಡೀ ಓಣಿ ನಿಂತಿದೆ."

ಅವಳು ಅಳಲಿಲ್ಲ, ತಿರುಗಿ ರೇಗಲೂ ಇಲ್ಲ.

"ಅಂಗಿ ಆಗಿದ್ರೆ ನಾನೂ ಸುಮ್ನೆ ಇರ್ತಿದ್ದೆ ಕಣೆ. ಸರಿಯಾಗಲಿಲ್ಲ ಅಂದ್ರೆ ವಾಪಸ್ ತರ್ತಾರೆ, ಬಿಚ್ಚಿ ಹೊಲಿದು ಕೊಡ್ತೀವಿ. ಇದು ಯಾರದೋ ಎದೆಯೊಳಗೆ ಹೋಗೋದು. ಅವರು ಯಾರ ಹತ್ರ ವಾಪಸ್ ತರ್ತಾರೆ?"

ಸಿಟ್ಟು ಇಳಿಯದೆಯೇ ನಾನು ಮತ್ತೆ ಮಿಷನ್ನಿಗೆ ಎಣ್ಣೆ ಬಿಡತೊಡಗಿದೆ.

ಭಾವ ಬಂದರು. ಯಾರೂ ಏನೂ ಹೇಳುವ ಮೊದಲೇ ನಮ್ಮ ಮುಖ ನೋಡಿ ಅರ್ಥ ಮಾಡಿಕೊಂಡರು. ಸಮಾಧಾನದ ಮಾತಾಡಲು ಅವರಿಗೆ ಬರುವುದಿಲ್ಲ. ಯೂನಿಫಾರ್ಮಿನ ಅಂಗಿ ಕಳಚಿ, ಕಿಸೆಯಿಂದ ಗುಂಡಿ ತೆಗೆದು, ಎರಡನ್ನೂ ಅಕ್ಕನ ಮಡಿಲಲ್ಲಿ ಇಟ್ಟರು. "ಈಗ ಬಿಡುವಾಯ್ತಲ್ಲ," ಅಂದರು. ಅಕ್ಕನಿಗೆ ನಗು ಬಂತು. ಸೂಜಿ ತೆಗೆದು ಗುಂಡಿ ಹೊಲಿದಳು, ಗಂಟು ಹಾಕಿದಳು, ಎಡಗೈ ಚಾಚಿ ಕತ್ತರಿ ತೆಗೆದುಕೊಂಡು ದಾರ ಕತ್ತರಿಸಿದಳು. ಅಂಗಿಯನ್ನು ಕೊಡವಿ ಭಾವನ ಕೈಗೆ ಕೊಟ್ಟಳು.

ನಾನೂ ಭಾವನೂ ಒಬ್ಬರ ಮುಖ ಒಬ್ಬರು ನೋಡಿದೆವು. ಅಷ್ಟು ವರ್ಷದಲ್ಲಿ ಅವಳು ತುಟಿಗೆ ಕೆಂಪಿಲ್ಲದೆ, ಯಾರೂ ಎಚ್ಚರಿಸದೆ, ತಾನಾಗಿ ಕತ್ತರಿ ಮುಟ್ಟಿದ್ದನ್ನು ನಾವು ಕಂಡಿರಲಿಲ್ಲ. ಅವಳಿಗೆ ತಾನು ಏನು ಮಾಡಿದೆ ಎಂಬುದೇ ಗೊತ್ತಿರಲಿಲ್ಲ. ಕೆಲಸ ಹೋದ ದಿನವೇ ಹಲ್ಲು ಕೆಲಸ ಬಿಟ್ಟಿತ್ತು. ನಾನು ಮಿಷನ್ನಿನ ಎಣ್ಣೆ ಒರೆಸುವ ನೆಪದಲ್ಲಿ ಆ ಕಡೆ ತಿರುಗಿದೆ.

ಮರುದಿನ ಬೆಳಿಗ್ಗೆ ಅಕ್ಕ ಎಂದಿನಂತೆ ಅಂಗಡಿಗೆ ಬಂದು ಯಾರದೋ ಪ್ಯಾಂಟಿನ ಅಂಚು ಬಿಚ್ಚುತ್ತಾ ಕೂತಳು. ಅಂಗಡಿಯ ಫೋನು ಬಡಿದುಕೊಂಡಿತು. ನಾನು ಎತ್ತಿದೆ.

"ನಿಮ್ಮಕ್ಕ ಎಲ್ಲಿ? ಯಾಕೆ ಇನ್ನೂ ಬಂದಿಲ್ಲ? ಹುಷಾರಿಲ್ವಾ?" ಮೇಡಂ ಧ್ವನಿ.

"ಅವಳನ್ನ ನೀವೇ ತೆಗೆದುಹಾಕಿದ್ರಲ್ಲ," ಅಂದೆ ನಾನು, ಬಿಗುಮಾನದಿಂದಲೇ.

"ಯಾರು ಹೇಳಿದ್ದು? ಮೊದಲ ದಿನವೇ ಎಲ್ಲರಿಗೂ ಹೇಳಿದ್ದೆ. ಮುಟ್ಟಿ ಸುಮ್ಮನಿದ್ರೆ ಮನೆಗೆ. ಮುಟ್ಟಿತು ಅಂತ ಹೇಳಿದ್ರೆ ಆ ಪೀಸ್ ಡಬ್ಬಿಗೆ, ಪರೀಕ್ಷೆ ಮತ್ತೆ ಮೊದಲಿಂದ. ನಿನ್ನೆ ನಾನು ಹೊಸ ಚೌಕಟ್ಟು ತರೋಕೆ ಹೋಗಿ ಬರೋಷ್ಟರಲ್ಲಿ ನಿಮ್ಮಕ್ಕ ಮಾಯ."

ನಾನು ಫೋನಿನ ಬಾಯಿ ಮುಚ್ಚಿ ಅಕ್ಕನನ್ನು ಕೇಳಿದೆ. ಅವಳು ನಾಲಿಗೆ ಕಚ್ಚಿಕೊಂಡಳು. ಮೊದಲ ದಿನ ಮೇಡಂ ನಿಯಮ ಹೇಳುವಾಗ ಇವಳು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ತನ್ನ ಬೆರಳಿನ ಗೆರೆ ನೋಡುತ್ತಾ ಕೂತಿದ್ದಳಂತೆ. "ಮನೆಗೆ" ಎನ್ನುವ ಮಾತು ಮಾತ್ರ ಕಿವಿಗೆ ಬಿದ್ದಿತ್ತು. ಶಾಲೆಯಲ್ಲೂ ನಾವಿಬ್ಬರು ಪಾಠ ಕೇಳಿದ್ದು ಹೀಗೇ.

"ಅವಳಿಗೆ ಅರ್ಧ ಮಾತ್ರ ಕೇಳಿಸಿತ್ತಂತೆ ಮೇಡಂ," ಅಂದೆ. "ಮುಟ್ಟಿದ್ರೆ ಅಲ್ಲಿಗೆ ಮುಗೀತು, ಕೆಲಸ ಹೋಯ್ತು ಅಂದ್ಕೊಂಡಿದ್ಳು."



"ಹಾಗಂದ್ಕೊಂಡೂ ನನ್ನನ್ನ ಕರೆದ್ರಾ?" ಅಂದರು ಮೇಡಂ. ಆಮೇಲೆ, "ಬೇಗ ಕಳಿಸಿ," ಎಂದು ಇಟ್ಟುಬಿಟ್ಟರು.

ಅಕ್ಕ ಪ್ಯಾಂಟನ್ನು ನನ್ನ ಕಡೆ ಎಸೆದು ಓಡಿದಳು. ಆ ಸಲ ಕವಾಟ ಮೊದಲಿನಿಂದ ಕೊನೆವರೆಗೆ ಮುಗಿಯಿತು, ಕೈ ಎದೆಯ ಮಟ್ಟ ದಾಟಿ ಮೇಲೆ ಬರಲಿಲ್ಲ. ಕಸೂತಿ ಹುಡುಗಿಯರಲ್ಲೂ ಹೆಚ್ಚಿನವರು ಗೆದ್ದರು. ಅಕ್ಕನಿಗೆ ಫೋಟೋ ಇರುವ ಗುರುತಿನ ಚೀಟಿ ಕೊಟ್ಟರು. ಅದನ್ನು ಕತ್ತಿಗೆ ಹಾಕಿಕೊಂಡು ತರಕಾರಿ ತರಲೂ ಹೋಗುತ್ತಿದ್ದಳು. "ರಜೆ ಹಾಕಿದ್ರೂ ಸಂಬಳ ಕೊಡ್ತಾರಂತೆ ಕಣೆ, ನಂಬೋಕಾಗುತ್ತಾ?" ಎಂದು ನನ್ನನ್ನು ಎಷ್ಟು ಸಲ ಕೇಳಿದಳೋ. ಆದರೆ ರಜೆ ಹಾಕಲಿಲ್ಲ. ಭಾವನಂತೂ ಬಸ್ಸು ಕಾರ್ಖಾನೆಯ ಮುಂದೆ ಹೋಗುವಾಗ ಹಾರ್ನ್ ಹೊಡೆಯುವುದನ್ನು ರೂಢಿ ಮಾಡಿಕೊಂಡರು. ಹತ್ತಿರ ಕೂತ ಪ್ರಯಾಣಿಕರು ಯಾಕೆ ಎಂದು ಕೇಳಲೇಬೇಕು, ಇವರು ಹೇಳಲೇಬೇಕು. ಒಮ್ಮೆ ಒಬ್ಬ ಮುದುಕಿ ಎದೆ ಮುಟ್ಟಿಕೊಂಡು, ತನಗೂ ಹೊಸ ಕವಾಟ ಹಾಕಿದ್ದಾರೆ, ಎಲ್ಲಿ ಮಾಡಿದ್ದೋ ಗೊತ್ತಿಲ್ಲ ಅಂದಳಂತೆ. ಅಂದು ಅವಳನ್ನು ಇಳಿಸುವಾಗ ಭಾವ ಬಸ್ಸನ್ನು ಫುಟ್‌ಪಾತಿಗೆ ತಾಗಿಸಿಯೇ ನಿಲ್ಲಿಸಿದರು.

ಮುಂದಿನ ವರ್ಷ ಎರಡನೇ ಹಾಲ್ ತೆರೆಯಿತು. ಓಣಿಯವರೆಲ್ಲ ಕಾರ್ಖಾನೆಯ ಕಾರಿಡಾರಿನಲ್ಲಿ ಸಾಲು ನಿಂತೆವು. ಮುದುಕ ಟೇಲರ ಸೊಸೆ, ಪಾತ್ರೆ ತೊಳೆಯಲು ಹೋಗಿದ್ದ ಪಕ್ಕದ ಅಂಗಡಿಯಾಕೆ, ಅವಳ ಹಿಂದೆ ನಾನು. ಅವಳು ಒಳಗೆ ಹೋಗಿ ಹೊರಗೆ ಬಂದಳು. ನನ್ನನ್ನು ನೇರವಾಗಿ ನೋಡಿ, "ಆಯ್ತು," ಅಂದಳು. ಇಷ್ಟು ದಿನ ಮುಖ ತಿರುಗಿಸಿಕೊಂಡು ಹೋಗುತ್ತಿದ್ದವಳು. ನನಗೆ ಹೊಟ್ಟೆ ತಣ್ಣಗಾಯಿತು.

ನನ್ನ ಸರದಿ ಬಂತು. ಮೇಜಿನ ಆಚೆ ಮೇಡಂ ಕೂತಿದ್ದರು, ಪಕ್ಕದಲ್ಲಿ ಬಿಳಿ ಕೋಟು ಹಾಕಿಕೊಂಡು ಅಕ್ಕ. ಹೊಸಬರಿಗೆ ಕಲಿಸುವ ಕೆಲಸ ಈಗ ಅವಳದೂ ಹೌದು.

"ಬನ್ನಿ, ಕೂತ್ಕೊಳ್ಳಿ," ಅಂದಳು ನನಗೆ. ತೊಟ್ಟಿಲಿನಿಂದ "ಬಾರೆ, ಹೋಗೆ" ಬಿಟ್ಟು ಬೇರೆ ಕೇಳದ ಕಿವಿಗೆ ಅದು ಎಷ್ಟು ವಿಚಿತ್ರವಾಗಿತ್ತೆಂದರೆ, ಹಿಂದೆ ಯಾರಾದರೂ ಬಂದರೋ ಎಂದು ತಿರುಗಿ ನೋಡಿದೆ.

ಸೂಜಿ ದಾರ ಕೊಟ್ಟರು, ಹೊಲಿದೆ.

"ಹಲ್ಲು ತೋರಿಸಿ," ಅಂದಳು ಅಕ್ಕ.

ತೋರಿಸಿದೆ. ಅಮ್ಮ ನಮ್ಮಿಬ್ಬರಿಗೂ ಹೊಲಿಗೆ ಕಲಿಸುವಾಗ ದಾರ ಕಡಿಯುವುದನ್ನೂ ಕಲಿಸಿದ್ದಳು. ಕಚ್ಚು ಇಬ್ಬರಿಗೂ ಒಂದೇ ಹಲ್ಲಿನಲ್ಲಿ. ಆ ಹಲ್ಲು ಹುಟ್ಟಿದ್ದನ್ನು ಕಂಡ ಅಕ್ಕ, ಈಗ ಮೊದಲ ಸಲ ನೋಡುವವಳಂತೆ ಬಾಗಿ ಪರೀಕ್ಷಿಸಿದಳು.

"ಪರಿಚಯದವರಾ?" ಎಂದು ಮೇಡಂ ಕೇಳಿದರು, ಗೊತ್ತಿದ್ದೂ.

"ನನ್ನ ತಂಗಿ. ಅದಕ್ಕೇ ಇವರ ಕೊನೆ ಪರೀಕ್ಷೆ ನೀವೇ ತಗೊಳ್ಳಿ. ನಾನು ತಗೊಂಡ್ರೆ ಗೋಳು ಹುಯ್ಕೋತೀನಿ." ಆಮೇಲೆ ನನ್ನ ಕಡೆ ತಿರುಗಿ, ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ ಹೇಳಿದಳು. "ಕೈ ಮಾಸ್ಕಿಗೆ ಮುಟ್ಟಿ ಸುಮ್ಮನಿದ್ರೆ ಮನೆಗೆ. ಮುಟ್ಟಿತು ಅಂತ ಹೇಳಿದ್ರೆ ಮತ್ತೆ ಮೊದಲಿಂದ. ಎಷ್ಟು ಸಲ ಬೇಕಾದ್ರೂ ಮೊದಲಿಂದ. ಪೂರ್ತಿ ಕೇಳಿಸ್ತಾ?"

"ಕೇಳಿಸ್ತು, ಮೇಡಂ," ಅಂದೆ.

ಅವಳನ್ನು ಗೇಲಿ ಮಾಡಬೇಕೆಂದು ಆ "ಮೇಡಂ" ಎನ್ನುವ ಮಾತನ್ನು ಕಾರಿಡಾರಿನಲ್ಲೇ ನಾಲಿಗೆ ತುದಿಯಲ್ಲಿ ಇಟ್ಟುಕೊಂಡು ಬಂದಿದ್ದೆ. ಬಾಯಿಂದ ಹೊರಗೆ ಬರುವಾಗ ಅದರಲ್ಲಿ ಗೇಲಿ ಇರಲಿಲ್ಲ.